ದೋಷ ಕಾಡುಹಂದಿಯದಲ್ಲ

ಎರಡು ವರ್ಷಗಳ ಹಿಂದಿನ ಮಳೆಗಾಲ. ಪೊನ್ನಂಪೇಟೆಯಿಂದ ಕೆಲವೇ ಮೈಲಿ ದೂರದಲ್ಲಿರುವ ನಮ್ಮ ಸಣ್ಣ ಕಾಫಿ ತೋಟದ ಲೈನ್ ಮನೆಯಿಂದ ಒಂದು ಮುಂಜಾನೆ ಹೆಂಗಸರ ಕೂಗು ಕೇಳಿಸಿತು. ಓಡಿಹೋಗಿ ನೋಡಿದರೆ, ಕಾರ್ಮಿಕ ದಂಪತಿಯ ಒಂಬತ್ತು ವರ್ಷದ ಮಗಳು ನೆಲದ ಮೇಲೆ ಬಿದ್ದು, ಕೈಕಾಲು ಸೆಟೆದುಕೊಂಡು ಒದ್ದಾಡುತ್ತಿದ್ದಳು. ಯಾರೋ ಅವಳ ಅಂಗೈಯಲ್ಲಿ ಬೀಗದ ಕೈ ತುರುಕಿದ್ದರು. ಜೀಪಿನಲ್ಲಿ ಗೋಣಿಕೊಪ್ಪಲಿಗೆ, ಅಲ್ಲಿಂದ ಮೈಸೂರಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಸ್ಕ್ಯಾನ್ ಮಾಡಿಸಿದ ವೈದ್ಯರು, ಮಗುವಿನ ಮೆದುಳಿನಲ್ಲಿ ಲಾಡಿ ಹುಳುವಿನ ಮರಿ ಕಟ್ಟಿಕೊಂಡ ಕೋಶವೊಂದಿದೆ ಎಂದರು. ಮೂರ್ಛೆಗೆ ಅದೇ ಕಾರಣವಾಗಿತ್ತು.

ಸುದ್ದಿ ನಮಗಿಂತ ಮೊದಲೇ ಊರು ಸೇರಿತ್ತು. ಹಿಂತಿರುಗಿ ಬರುವಷ್ಟರಲ್ಲಿ ತೀರ್ಪೂ ಸಿದ್ಧವಾಗಿತ್ತು. ಇದು ಕಾಡುಹಂದಿಯಿಂದ ಬಂದ ರೋಗ, ಅವು ತೋಟಕ್ಕೆ ನುಗ್ಗಿ ನೆಲ ಅಗೆಯುವುದಷ್ಟೇ ಅಲ್ಲ, ಈಗ ನಮ್ಮ ಮಕ್ಕಳ ತಲೆಗೂ ಹುಳು ಬಿಡುತ್ತಿವೆ, ಒಂದನ್ನೂ ಉಳಿಸಬಾರದು. ಹೀಗೆ ಹೇಳಿದವರಲ್ಲಿ ಓದಿದವರೂ ಇದ್ದರು. ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ, ಮೂವತ್ತು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳಿದ ನಾನೂ ಆ ಹೊತ್ತಿನಲ್ಲಿ ಎದುರು ಮಾತಾಡಲಿಲ್ಲ.

ಆದರೆ ಆ ಹುಡುಗಿ ಹಂದಿ ಮಾಂಸವನ್ನು ಬಾಯಿಗೆ ಇಟ್ಟವಳೇ ಅಲ್ಲ. ಅವಳ ತಾಯಿ ಇದನ್ನು ವೈದ್ಯರ ಮುಂದೆಯೇ ಹೇಳಿದ್ದಳು. ವೈದ್ಯರಿಗೆ ಅದರಿಂದ ಆಶ್ಚರ್ಯವೇನೂ ಆಗಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಮನೆಯಲ್ಲಿ ಕಕ್ಕಸು ಇದೆಯೇನಮ್ಮಾ?’ ತಾಯಿ ಉತ್ತರಿಸಲಿಲ್ಲ. ತಲೆ ಎತ್ತಿ ನನ್ನ ಮುಖ ನೋಡಿದಳು.

ಆ ಪ್ರಶ್ನೆ ಏಕೆ ಬಂತು ಎಂಬುದನ್ನು ವಿವರಿಸಬೇಕು. ಹಂದಿಯ ಲಾಡಿ ಹುಳುವೆಂದು ನಾವು ಕರೆಯುವ ಜೀವಿ ಬೆಳೆದು ದೊಡ್ಡದಾಗುವುದು ಹಂದಿಯ ಕರುಳಿನಲ್ಲಲ್ಲ, ಮನುಷ್ಯನ ಕರುಳಿನಲ್ಲಿ. ಹಲವು ಅಡಿ ಉದ್ದದ ಈ ಹುಳುವಿನ ತುಂಡುಗಳು ಸಾವಿರಾರು ಮೊಟ್ಟೆಗಳ ಸಮೇತ ಮಲದಲ್ಲಿ ಹೊರಬೀಳುತ್ತವೆ. ಬಯಲಲ್ಲಿ ಬಿದ್ದ ಆ ಮಲವನ್ನು ತಿಂದ ಹಂದಿಯ ಮಾಂಸಖಂಡಗಳಲ್ಲಿ ಅಕ್ಕಿಕಾಳಿನಂಥ ಕೋಶಗಳು ಕಟ್ಟಿಕೊಳ್ಳುತ್ತವೆ. ಸರಿಯಾಗಿ ಬೇಯದ ಆ ಮಾಂಸವನ್ನು ತಿಂದವನ ಹೊಟ್ಟೆಯಲ್ಲಿ ಮತ್ತೆ ಲಾಡಿ ಹುಳು ಬೆಳೆಯುತ್ತದೆ. ಮೆದುಳಿನ ಕಾಯಿಲೆ ಬರುವ ದಾರಿ ಮಾತ್ರ ಬೇರೆ. ಹುಳುವಿರುವ ಮನುಷ್ಯನ ಮಲದಲ್ಲಿನ ಮೊಟ್ಟೆಗಳು ತೊಳೆಯದ ಕೈಯಿಂದಲೋ, ಸೊಪ್ಪಿನಿಂದಲೋ, ನೀರಿನಿಂದಲೋ ಇನ್ನೊಬ್ಬರ ಬಾಯಿ ಸೇರಿದಾಗ, ಹಂದಿಯ ಮಾಂಸದಲ್ಲಿ ಕಟ್ಟಬೇಕಾದ ಕೋಶ ಮನುಷ್ಯನ ಮೆದುಳಿನಲ್ಲಿ ಕಟ್ಟುತ್ತದೆ. ಈ ರೋಗ ಸಸ್ಯಾಹಾರಿಗಳಿಗೂ ಬರುವುದು ಇದರಿಂದಲೇ. ಹಂದಿಗಳು ಜನರ ನಡುವೆ ಅಡ್ಡಾಡುವ ಮತ್ತು ಈ ಹುಳು ನೆಲೆಯೂರಿರುವ ಅನೇಕ ಪ್ರದೇಶಗಳಲ್ಲಿ ಮೂರ್ಛೆರೋಗದ ನೂರು ಪ್ರಕರಣಗಳಲ್ಲಿ ಸುಮಾರು 30ಕ್ಕೆ ಇದೇ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಈ ಚಕ್ರವನ್ನು ನಾನು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದಿದ್ದೇನೆ. ನನ್ನದೇ ತೋಟದ ಲೈನ್ ಮನೆಗಳ ಹಿಂದಿದ್ದ ಕಕ್ಕಸು ಏನಾಗಿತ್ತು ಎಂದು ಹೋಗಿ ನೋಡಿರಲಿಲ್ಲ. ಕಟ್ಟಿಸಿದ್ದೇನೋ ನಿಜ. ಆದರೆ ಮೊದಲ ಎರಡು ಮಳೆಗಾಲಗಳಲ್ಲೇ ಗುಂಡಿ ಉಕ್ಕಿ ಹರಿದಿತ್ತು. ನೀರಿನ ವ್ಯವಸ್ಥೆ ಇರಲಿಲ್ಲ. ಕ್ರಮೇಣ ಅದರಲ್ಲಿ ಸೌದೆ, ಗೊಬ್ಬರದ ಚೀಲ ಸೇರಿಕೊಂಡವು. ಜನ ತೋಡಿನ ಬದಿಗೆ, ಕಾಫಿ ಗಿಡಗಳ ಮರೆಗೆ ಹೋಗುತ್ತಿದ್ದರು. ರಾತ್ರಿ ಅಲ್ಲಿಗೇ ಕಾಡುಹಂದಿಗಳು ಬರುತ್ತಿದ್ದವು. ಆಸ್ಪತ್ರೆಯಿಂದ ಬಂದ ಮೇಲೆ ಲೈನ್‌ನಲ್ಲಿದ್ದ ಎಲ್ಲರ ಮಲ ಪರೀಕ್ಷೆ ಮಾಡಿಸಿದೆವು. ವಯಸ್ಕರೊಬ್ಬರಲ್ಲಿ ಲಾಡಿ ಹುಳುವಿತ್ತು. ಅವರಿಗೆ ಒಂದು ದಿನವೂ ಹೊಟ್ಟೆನೋವು ಬಂದಿರಲಿಲ್ಲ, ಅದು ಇದೆಯೆಂಬುದೇ ಗೊತ್ತಿರಲಿಲ್ಲ. ಔಷಧಿ ಕೊಡಿಸಿದೆವು, ಹೆಸರನ್ನು ಯಾರಿಗೂ ಹೇಳಲಿಲ್ಲ.

ಇದನ್ನು ನನ್ನ ಮನೆಯ ಕಥೆಯೆಂದು ಬರೆಯುತ್ತಿಲ್ಲ. ಕಾಡಿನ ಪ್ರಾಣಿಗಳ ಕರುಳಿನಲ್ಲಿ ಬದುಕುವ, ಮನುಷ್ಯನಿಗೂ ಅಂಟಬಲ್ಲ ಹುಳುಗಳ ಬಗ್ಗೆ ನಾವು ಮಾತಾಡುವ ಬಗೆಯೇ ತಪ್ಪಾಗಿದೆ ಎಂಬುದನ್ನು ಹೇಳಲು ಬರೆಯುತ್ತಿದ್ದೇನೆ. ಹುಳು ಕಾಡಿನಿಂದ ಊರಿಗೆ ಒಂದೇ ದಿಕ್ಕಿನಲ್ಲಿ ಬರುತ್ತದೆಂದು ನಂಬಿದ್ದೇವೆ. ಅದು ಹೋಗಿ ಬರುವ ದಾರಿ ಎರಡೂ ಕಡೆಗಿದೆ. ಆ ದಾರಿಯನ್ನು ತೆರೆದಿಟ್ಟಿರುವುದು ಬಹುಮಟ್ಟಿಗೆ ನಮ್ಮ ಶೌಚಾಲಯವಿಲ್ಲದ ಲೈನ್ ಮನೆಗಳು, ಹೇಳುವವರು ಕೇಳುವವರಿಲ್ಲದ ನಾಯಿಗಳು ಮತ್ತು ಚಪ್ಪಲಿಯಿಲ್ಲದ ಕಾಲುಗಳು.

ದಕ್ಷಿಣ ಕೊಡಗಿನ ಭೂಮಿಯನ್ನು ಕಂಡವರಿಗೆ ಈ ಮಾತು ಬೇಗ ಅರ್ಥವಾದೀತು. ಪೂರ್ವಕ್ಕೆ ನಾಗರಹೊಳೆ, ದಕ್ಷಿಣಕ್ಕೆ ಬ್ರಹ್ಮಗಿರಿ. ನಡುವೆ ಮರಗಳ ನೆರಳಿನ ಕಾಫಿ ತೋಟಗಳು, ಗದ್ದೆಗಳು, ಹಾಡಿಗಳು. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಕಾಡು ಎಲ್ಲಿ ಮುಗಿಯಿತು, ತೋಟ ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆಯುವುದು ಕಂದಾಯ ಇಲಾಖೆಗೆ ಸಾಧ್ಯ, ಪ್ರಾಣಿಗಳಿಗೆ ಸಾಧ್ಯವಿಲ್ಲ. ಹಲಸು ಹಣ್ಣಾದಾಗ ಆನೆ ಬರುತ್ತದೆ. ಕಾಫಿ ಹಣ್ಣಾದಾಗ ಕಬ್ಬೆಕ್ಕು ಬರುತ್ತದೆ. ಹಂದಿ ವರ್ಷವಿಡೀ ಬರುತ್ತದೆ. ಬಂದವು ತಮ್ಮ ಹಿಕ್ಕೆ, ಲದ್ದಿಗಳನ್ನು ಬಿಟ್ಟು ಹೋಗುತ್ತವೆ. ಅದೇ ನೆಲದಲ್ಲಿ ಮನುಷ್ಯ ಬರಿಗಾಲಲ್ಲಿ ಕೆಲಸ ಮಾಡುತ್ತಾನೆ.

ಹಾಗೆಂದು ಕಾಡಿನ ಪ್ರತಿ ಪ್ರಾಣಿಯ ಹೊಟ್ಟೆಯ ಹುಳುವಿಗೂ ಹೆದರಬೇಕಾಗಿಲ್ಲ. ಹೆಚ್ಚಿನ ಹುಳುಗಳು ತಮ್ಮ ಆತಿಥೇಯನನ್ನು ಬಿಟ್ಟು ಬೇರೆಡೆ ಬದುಕಲಾರವು. ತೋಟದ ದಾರಿಯಲ್ಲಿ ಬುಟ್ಟಿಗಟ್ಟಲೆ ಬೀಳುವ ಆನೆಯ ಲದ್ದಿಯಲ್ಲಿ ಹುಳುಗಳ ಮೊಟ್ಟೆ ಹೇರಳವಾಗಿರಬಹುದು. ಆದರೆ ಅವುಗಳಲ್ಲಿ ಬಹುಪಾಲು ಆನೆಗೆ ಮೀಸಲಾದವು. ನಾವು ಗಮನಿಸಬೇಕಾದದ್ದು ನಾಯಿ, ನರಿ, ಬೆಕ್ಕು, ಪುನುಗು ಜಾತಿಯ ಮಾಂಸಾಹಾರಿಗಳನ್ನು, ಹಂದಿಯನ್ನು, ಕೋತಿಗಳನ್ನು, ಇಲಿ–ಹೆಗ್ಗಣಗಳನ್ನು. ಈ ಬಗೆಯ ಅಧ್ಯಯನ ನಮ್ಮ ಸೀಮೆಗೆ ಹೊಸದೂ ಅಲ್ಲ. ನಾಗರಹೊಳೆ, ಬಂಡೀಪುರಗಳ ಕಾಡಿಗೆ ಹೊಂದಿಕೊಂಡಿರುವ ಮುದುಮಲೆಯಲ್ಲಿ ಮಿಲಿಂದ್ ವಾಟ್ವೆ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಹನ್ನೆರಡು ಜಾತಿಯ ಕಾಡುಪ್ರಾಣಿಗಳ ಹಿಕ್ಕೆಗಳನ್ನು ಪರೀಕ್ಷಿಸಿ, ಪ್ರಾಣಿಯ ಜೀವನಕ್ರಮಕ್ಕೂ ಅದರ ಕರುಳಿನ ಹುಳುಗಳಿಗೂ ಇರುವ ನಂಟನ್ನು ವಿವರಿಸುವ ಪ್ರಬಂಧವನ್ನು 1995ರಲ್ಲೇ ಪ್ರಕಟಿಸಿದ್ದರು. ಪ್ರಾಣಿಯನ್ನು ಹಿಡಿಯದೆ, ನೋಯಿಸದೆ, ಹಿಕ್ಕೆಯೊಂದರಿಂದಲೇ ಎಷ್ಟೊಂದು ತಿಳಿಯಬಹುದು ಎಂಬುದಕ್ಕೆ ಅದು ನಿದರ್ಶನ.

ಮಾಂಸಾಹಾರಿಗಳ ಹುಳುಗಳಲ್ಲಿ ನಮಗೆ ತೀರ ಹತ್ತಿರದ್ದು ಕೊಕ್ಕೆ ಹುಳು. ಕೈರೋದಲ್ಲಿ ಸಂಶೋಧನೆ ನಡೆಸುತ್ತಿದ್ದ ಜರ್ಮನ್ ವಿಜ್ಞಾನಿ ಆರ್ತರ್ ಲೂಸ್, 1898ರಲ್ಲಿ ಕೊಕ್ಕೆ ಹುಳುವಿನ ಮರಿಗಳಿದ್ದ ನೀರನ್ನು ಆಕಸ್ಮಿಕವಾಗಿ ಕೈಮೇಲೆ ಚೆಲ್ಲಿಕೊಂಡ. ಕೆಲವು ವಾರಗಳ ನಂತರ ಅವನ ಮಲದಲ್ಲೇ ಮೊಟ್ಟೆಗಳು ಕಾಣಿಸಿಕೊಂಡವು. ಈ ಹುಳು ಬಾಯಿಯಿಂದಲೇ ಹೋಗಬೇಕಾಗಿಲ್ಲ, ಚರ್ಮವನ್ನು ಕೊರೆದೂ ಒಳಸೇರುತ್ತದೆ ಎಂಬುದು ಲೋಕಕ್ಕೆ ತಿಳಿದದ್ದು ಹೀಗೆ. ಅದೇ ಲೂಸ್ 1911ರಲ್ಲಿ ಸಿಂಹಳದ ಪುನುಗು ಬೆಕ್ಕೊಂದರಿಂದ ದೊರೆತ ಹೊಸ ಕೊಕ್ಕೆ ಹುಳುವನ್ನು ವರ್ಣಿಸಿ, ಅದಕ್ಕೆ ‘ಸೀಲಾನಿಕಮ್’ ಎಂದು ಆ ದ್ವೀಪದ ಹೆಸರನ್ನೇ ಇಟ್ಟ. ಎರಡೇ ವರ್ಷಗಳಲ್ಲಿ, 1913ರಲ್ಲಿ, ಬಂಗಾಳದಲ್ಲಿದ್ದ ವೈದ್ಯ ಕ್ಲೇಟನ್ ಲೇನ್ ಅದೇ ಹುಳುವನ್ನು ಮನುಷ್ಯರಲ್ಲಿ ಗುರುತಿಸಿದ. ಪುನುಗು, ನಾಯಿ, ಬೆಕ್ಕು, ಮನುಷ್ಯ, ಈ ನಾಲ್ವರ ಕರುಳಲ್ಲೂ ನೆಲೆಸಬಲ್ಲ ಹುಳು ಅದು. ಬಹುಕಾಲ ಅಲಕ್ಷ್ಯಕ್ಕೆ ಒಳಗಾಗಿದ್ದ ಇದು ಏಷ್ಯಾದ ಹಲವು ನಾಡುಗಳ ಜನರಲ್ಲಿ ಸಾಮಾನ್ಯವೆಂದು ಈಚಿನ ವಂಶವಾಹಿ ಪರೀಕ್ಷೆಗಳು ತೋರಿಸಿವೆ.

ಕೊಕ್ಕೆ ಹುಳುವಿಗೂ ಕಾಫಿಗೂ ಹಳೆಯ ಸಂಬಂಧವಿದೆ. ಪೋರ್ಟೊರಿಕೊ ದ್ವೀಪದ ಬಡ ಕೂಲಿಗಳು, ಅವರಲ್ಲೂ ಕಾಫಿ ಬೆಟ್ಟಗಳಲ್ಲಿ ದುಡಿಯುವವರು, ಬಿಳಿಚಿಕೊಂಡು, ಸುಸ್ತಾಗಿ ಸಾಯುತ್ತಿದ್ದುದಕ್ಕೆ ಕೊಕ್ಕೆ ಹುಳುವೇ ಕಾರಣವೆಂದು ಅಮೆರಿಕದ ಸೇನಾ ವೈದ್ಯ ಬೇಲಿ ಆಶ್‌ಫೋರ್ಡ್ 1899ರಲ್ಲಿ ಕಂಡುಕೊಂಡ. ಅಲ್ಲಿಯವರೆಗೆ ಆ ಕೂಲಿಗಳಿಗೆ ಸೋಮಾರಿಗಳೆಂಬ ಹೆಸರಿತ್ತು. ಕಾಫಿಗೆ ಬೇಕಾದ ನೆರಳು, ತಂಪು, ಕೊಳೆತ ಎಲೆಯ ಹೊದಿಕೆ, ತೇವ ಇವೇ ಈ ಹುಳುವಿನ ಮರಿಗೂ ಬೇಕು. ಮಲದಲ್ಲಿ ಬಿದ್ದ ಮೊಟ್ಟೆ ಅಂಥ ಮಣ್ಣಿನಲ್ಲಿ ವಾರದಿಂದ ಹತ್ತು ದಿನದೊಳಗೆ ಚರ್ಮ ಕೊರೆಯಬಲ್ಲ ಮರಿಯಾಗುತ್ತದೆ. ಪ್ರತಿಯೊಂದು ಹುಳು ಹೀರುವ ರಕ್ತ ಒಂದೆರಡು ಹನಿಗಿಂತ ಕಡಿಮೆ. ನೂರಾರು ಹುಳುಗಳು ವರ್ಷಗಟ್ಟಲೆ ಹೀರಿದಾಗ, ಮೊದಲೇ ಅರೆಹೊಟ್ಟೆಯಲ್ಲಿರುವ ಹೆಣ್ಣುಮಗಳಲ್ಲಿ ರಕ್ತವೇ ಉಳಿಯುವುದಿಲ್ಲ. ‘ಆಳುಗಳು ಈಚೆಗೆ ಮೊದಲಿನಂತೆ ಕೆಲಸ ಮಾಡುವುದಿಲ್ಲ’ ಎಂದು ಗೊಣಗುವ ನಮ್ಮ ಬೆಳೆಗಾರರು ಆಶ್‌ಫೋರ್ಡನ ಕಥೆಯನ್ನು ಒಮ್ಮೆ ನೆನೆಯಬೇಕು.

ಕಾಡಿಗೂ ಮನೆಗೂ ನಡುವಿನ ಸೇತುವೆ ನಾಯಿ. ಬೆಳಿಗ್ಗೆ ಲೈನ್ ಮನೆಯ ಅಂಗಳದಲ್ಲಿ ಮಕ್ಕಳೊಂದಿಗೆ ಆಡುವ ನಾಯಿ, ಮಧ್ಯಾಹ್ನ ಕಾಡಿನಂಚಿನಲ್ಲಿ ಸತ್ತ ಜಿಂಕೆಯ ಅವಶೇಷ ಎಳೆಯುತ್ತದೆ, ಸಂಜೆ ಮಾಂಸದಂಗಡಿಯ ಹಿಂದೆ ಎಸೆದ ಕರುಳು ತಿನ್ನುತ್ತದೆ, ರಾತ್ರಿ ಮತ್ತೆ ಬಾಗಿಲ ಬಳಿ ಮಲಗುತ್ತದೆ. ನಾಯಿ, ನರಿ, ತೋಳಗಳ ಕರುಳಿನಲ್ಲಿ ವಾಸಿಸುವ ಅತಿ ಸಣ್ಣ ಲಾಡಿ ಹುಳುವೊಂದಿದೆ. ಉದ್ದ ಕೆಲವೇ ಮಿಲಿಮೀಟರು. ಅದರ ಮೊಟ್ಟೆ ಮನುಷ್ಯನ ಹೊಟ್ಟೆ ಸೇರಿದರೆ ಪಿತ್ತಕೋಶವೆಂದು ಹಳ್ಳಿಯವರು ಕರೆಯುವ ಯಕೃತ್ತಿನಲ್ಲಿ, ಶ್ವಾಸಕೋಶದಲ್ಲಿ ನೀರುಗುಳ್ಳೆಗಳು ವರ್ಷಾನುಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತವೆ. ನಾಯಿಯ ದುಂಡುಹುಳುವಿನ ಮೊಟ್ಟೆ ಮಣ್ಣಾಡುವ ಮಕ್ಕಳ ಬಾಯಿ ಸೇರಿ ಕಣ್ಣಿಗೇ ಹಾನಿ ಮಾಡುವುದುಂಟು. ಅಸ್ಸಾಮಿನ ಚಹಾ ತೋಟಗಳ ಕಾರ್ಮಿಕ ವಸತಿಗಳಲ್ಲಿ ರೆಬೆಕಾ ಟ್ರಾಬ್ ಮತ್ತು ಸಂಗಡಿಗರು ನಾಯಿ ಹಾಗೂ ಮನುಷ್ಯರ ಮಲವನ್ನು ಜೊತೆಜೊತೆಗೇ ಪರೀಕ್ಷಿಸಿ, ಇಂಥ ಹುಳುಗಳ ಪ್ರಸಾರದಲ್ಲಿ ನಾಯಿಯ ಪಾತ್ರವನ್ನು 2002ರಲ್ಲಿ ವಿವರಿಸಿದರು. ಇಂದು ನಮ್ಮ ತೋಟಗಳಿಗೆ ಕೆಲಸಕ್ಕೆ ಬರುವವರಲ್ಲಿ ಅಸ್ಸಾಮಿನವರೂ ಇದ್ದಾರೆ. ಅಲ್ಲಿನ ಲೈನ್‌ಗೂ ಇಲ್ಲಿನ ಲೈನ್‌ಗೂ ಇರುವ ವ್ಯತ್ಯಾಸ ಚಹಾ ಮತ್ತು ಕಾಫಿಯದಷ್ಟೇ.

ಕಬ್ಬೆಕ್ಕಿನ ಮಾತು ಬಂದಾಗ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಅದು ತಿಂದು ಹೊರಹಾಕಿದ ಕಾಫಿ ಬೀಜಕ್ಕೆ ಇಂಡೊನೇಷ್ಯಾದಲ್ಲಿ ದೊಡ್ಡ ಬೆಲೆಯಿದೆ. ಕೊಡಗಿನಲ್ಲೂ ಅಂಥ ಕಾಫಿ ತಯಾರಿಸುವ ಪ್ರಯತ್ನ 2017ರಲ್ಲಿ ಸುದ್ದಿಯಾಗಿತ್ತು. ನಗರದ ಗ್ರಾಹಕ ಇದಕ್ಕೆ ಹೆದರಬೇಕಾಗಿಲ್ಲ. ಬೀಜವನ್ನು ತೊಳೆದು, ಒಣಗಿಸಿ, ಹುರಿಯುವ ಶಾಖದಲ್ಲಿ ಯಾವ ಮೊಟ್ಟೆಯೂ ಉಳಿಯದು. ಅಪಾಯವಿರುವುದು ಮುಂಜಾನೆ ಗಿಡದಡಿ ಬಗ್ಗಿ ಆ ಹಿಕ್ಕೆಯನ್ನು ಬರಿಗೈಯಲ್ಲಿ ಆಯುವವಳಿಗೆ. ಅವಳಿಗೆ ಒಂದು ಜೊತೆ ಕೈಗವಸು, ಒಂದು ಸಾಬೂನು ಕೊಡುವುದು ಆ ಕಾಫಿಯ ಬೆಲೆಯ ಮುಂದೆ ಏನೂ ಅಲ್ಲ.

ಹುಳು ಎದುರು ದಿಕ್ಕಿನಲ್ಲೂ ಸಾಗುತ್ತದೆ ಎಂದೆ. ತಮಿಳುನಾಡಿನ ಆನೈಮಲೆ ಬೆಟ್ಟಗಳಲ್ಲಿ ಚಹಾ ಮತ್ತು ಕಾಫಿ ತೋಟಗಳ ನಡುವೆ ಚೂರುಚೂರಾಗಿ ಉಳಿದ ಮಳೆಕಾಡುಗಳಲ್ಲಿ ಸಿಂಗಳೀಕಗಳಿವೆ. ಹೈದರಾಬಾದಿನ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ ಜಿ. ಉಮಾಪತಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರವಿಷ್ಟೇ: ಮನುಷ್ಯರ ಸುಳಿವು ಹೆಚ್ಚಿರುವ ಕಡೆ ಸಿಂಗಳೀಕಗಳ ಕರುಳಿನಲ್ಲಿ ಹುಳುಗಳೂ ಹೆಚ್ಚು. ನಮ್ಮ ತಿಪ್ಪೆ, ನಮ್ಮ ಎಂಜಲು, ನಮ್ಮ ಸಾಕುಪ್ರಾಣಿ, ನಮ್ಮ ಬಯಲು ಶೌಚ ಇವುಗಳ ಹತ್ತಿರ ಬದುಕಬೇಕಾದ ಪ್ರಾಣಿಗೆ ನಾವು ಕೊಡುವ ಉಡುಗೊರೆ ಇದು. ಅಳಿವಿನಂಚಿನ ಜೀವಿಯೊಂದರ ದೃಷ್ಟಿಯಿಂದ ನೋಡಿದರೆ ರೋಗ ಹರಡುವ ಪ್ರಾಣಿ ಮನುಷ್ಯನೇ.

ಆದರೂ ಹೆಸರು ಕೆಡುವುದು ಪ್ರಾಣಿಯದು. ಇದನ್ನು ಕನ್ನಡಿಗರಾದ ನಾವು ಚೆನ್ನಾಗಿ ಬಲ್ಲೆವು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಕಾಣಿಸಿಕೊಂಡ ಜ್ವರವನ್ನು ಹರಡುವುದು ಉಣ್ಣೆ. ಮನುಷ್ಯನಂತೆ ಮಂಗವೂ ಅದಕ್ಕೆ ಬಲಿಯಾಗುತ್ತದೆ. ಆದರೆ ನಾವು ಅದನ್ನು ಕರೆದದ್ದು ‘ಮಂಗನ ಕಾಯಿಲೆ’ ಎಂದು. 2018ರಲ್ಲಿ ನೆರೆಯ ಕೋಯಿಕ್ಕೋಡಿನಲ್ಲಿ ನಿಪಾ ಜ್ವರ ಬಂದಾಗ ಕೊಡಗಿನ ಗಡಿಯವರೆಗೂ ಬಾವಲಿಗಳ ಮೇಲೆ ಸಂಶಯ ಹರಡಿತು. ಅಪಾಯವನ್ನು ಪ್ರಾಣಿಯ ಹೆಸರಿನಲ್ಲಿ ಬರೆದಿಟ್ಟರೆ ಒಂದು ಅನುಕೂಲವಿದೆ. ನಮ್ಮ ಹೊಣೆಯನ್ನು ಮರೆಯಬಹುದು.

ನಾನು ಬೆಳೆಗಾರನೂ ಹೌದು. ಕಾಡುಪ್ರಾಣಿಗಳ ಬಗ್ಗೆ ನಮ್ಮವರ ದೂರು ಸುಳ್ಳೆಂದು ಹೇಳಲಾರೆ. ಒಂದೇ ರಾತ್ರಿಯಲ್ಲಿ ಗದ್ದೆ ಬರಿದಾದುದನ್ನು ಕಂಡಿದ್ದೇನೆ. ಆನೆಯ ಕಾಲಿಗೆ ಸಿಕ್ಕಿ ಸತ್ತ ಕಾರ್ಮಿಕರ ಮನೆಗಳಿಗೆ ಹೋಗಿ ಬಂದಿದ್ದೇನೆ. ಆ ಸಂಕಟಕ್ಕೆ ಪರಿಹಾರ, ಬೇಲಿ, ಸಕಾಲದ ಎಚ್ಚರಿಕೆ ಎಲ್ಲವೂ ಬೇಕು. ಅದು ಪ್ರತ್ಯೇಕ ಚರ್ಚೆ. ಆದರೆ ಹುಳುವಿನ ನೆಪ ಹೇಳಿ ಕೋವಿ ಎತ್ತುವುದು ವಿಜ್ಞಾನಕ್ಕೂ ವಿರುದ್ಧ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೂ ವಿರುದ್ಧ. ಊರ ಸುತ್ತಲಿನ ಹಂದಿಗಳನ್ನೆಲ್ಲ ಕೊಂದರೂ, ಹುಳುವಿರುವ ಒಬ್ಬ ಮನುಷ್ಯ ಬಯಲಿಗೆ ಹೋಗುತ್ತಿರುವವರೆಗೆ ಇನ್ನೊಂದು ಮಗುವಿನ ಮೆದುಳಿಗೆ ಮೊಟ್ಟೆ ತಲುಪಬಲ್ಲುದು. ಅಷ್ಟೇ ಅಲ್ಲ, ಕದ್ದು ಹೊಡೆದ ಹಂದಿಯ ಮಾಂಸವನ್ನು ಯಾವ ಪಶುವೈದ್ಯನೂ ಪರೀಕ್ಷಿಸುವುದಿಲ್ಲ. ಕೊಡವರ ಅಡುಗೆಮನೆಯಲ್ಲಿ ಕಾಚಂಪುಳಿ ಹಾಕಿ ನಿಧಾನವಾಗಿ ಬೇಯಿಸಿದ ಪಂದಿ ಕರಿಯಲ್ಲಿ ಕೋಶಗಳು ಬದುಕಿ ಉಳಿಯವು. ಗದ್ದೆ ಬದುವಿನಲ್ಲಿ ಅವಸರಕ್ಕೆ ಸುಟ್ಟು ತಿನ್ನುವ ತುಂಡು, ಒಲೆಯ ಮೇಲೆ ಹೊಗೆಗೆ ಕಟ್ಟಿ ಅರೆಬರೆ ಒಣಗಿಸಿದ ಪಟ್ಟಿ ಇವುಗಳ ಬಗ್ಗೆ ಆ ಭರವಸೆ ಇಲ್ಲ.

ಇತ್ತ ವನ್ಯಜೀವಿ ಪ್ರೇಮಿಗಳಲ್ಲೂ ಒಂದು ಬಗೆಯ ಮೌನವಿದೆ. ಪ್ರಾಣಿಗಳಿಂದ ರೋಗ ಬರಬಹುದೆಂದು ಒಪ್ಪಿಕೊಂಡರೆ ಜನ ಅವುಗಳ ಮೇಲೆ ತಿರುಗಿಬೀಳುತ್ತಾರೆಂಬ ಅಂಜಿಕೆ ಅವರದು. ಅಂಜಿಕೆ ಸಹಜ. ಆದರೆ ತಿಳಿದವರು ಸುಮ್ಮನಿದ್ದ ಜಾಗವನ್ನು ವದಂತಿ ತುಂಬುತ್ತದೆ. ಹುಳುವಿನ ದಾರಿಯನ್ನು ಸರಿಯಾಗಿ ತಿಳಿಸಿ ಹೇಳಿದಷ್ಟೂ ಪ್ರಾಣಿಗೂ ರಕ್ಷಣೆ, ಮನುಷ್ಯನಿಗೂ ರಕ್ಷಣೆ.

ಬೆಂಗಳೂರಿನಲ್ಲಿ ಕುಳಿತು ಇದನ್ನು ಓದುವವರಿಗೆ ಇದು ದೂರದ ಬೆಟ್ಟದ ಸಮಸ್ಯೆ ಎನ್ನಿಸಬಹುದು. ಬ್ರಹ್ಮಗಿರಿಯ ಇರ್ಪುವಿನಿಂದ ಇಳಿಯುವ ಲಕ್ಷ್ಮಣತೀರ್ಥ ದಕ್ಷಿಣ ಕೊಡಗಿನ ತೋಟ, ಗದ್ದೆಗಳನ್ನು ಹಾದು, ಹುಣಸೂರಿನ ಮೂಲಕ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಕೂಡುತ್ತದೆ. ರಾಜಧಾನಿಯ ನಲ್ಲಿಗಳಲ್ಲಿ ಬರುವುದು ಅದೇ ಕಾವೇರಿಯ ನೀರು. ಸೋಸಿ ಶುದ್ಧೀಕರಿಸಿದ ನೀರಿನ ಬಗ್ಗೆ ಭಯ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಆದರೆ ದನ, ಜಿಂಕೆ, ಮನುಷ್ಯರ ಕರುಳಿನಲ್ಲಿ ವಾಸಿಸುವ ಕ್ರಿಪ್ಟೊಸ್ಪೊರಿಡಿಯಮ್ ಎಂಬ ಏಕಕೋಶ ಜೀವಿ ಕ್ಲೋರಿನ್‌ಗೆ ಜಗ್ಗುವುದಿಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದ ನೀರು ಸೋಸುವ ವ್ಯವಸ್ಥೆ ಕೈಕೊಟ್ಟಾಗ ಸುಮಾರು ನಾಲ್ಕು ಲಕ್ಷ ಜನ ಇದರಿಂದ ಕಾಯಿಲೆ ಬಿದ್ದರು. ಮೇಲಿನವರ ಕಕ್ಕಸು ಕೆಳಗಿನವರ ಕುಡಿಯುವ ನೀರಿನ ಪ್ರಶ್ನೆಯೂ ಹೌದು. ವಾರಾಂತ್ಯಕ್ಕೆ ಹೋಂಸ್ಟೇಗಳಿಗೆ ಬರುವ ನಗರದ ಮಕ್ಕಳು ಬರಿಗಾಲಲ್ಲಿ ಓಡಾಡುವುದೂ ಇದೇ ಮಣ್ಣಿನಲ್ಲಿ.

ಹಾಗಾದರೆ ಆಗಬೇಕಾದದ್ದೇನು? ಕಾನೂನು ಇಲ್ಲದಿಲ್ಲ. ತೋಟದ ಕಾರ್ಮಿಕರಿಗೆ ಮನೆ, ಶೌಚಾಲಯ, ಕುಡಿಯುವ ನೀರು ಒದಗಿಸಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ವಿಧಿಸಿತ್ತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಸಂಹಿತೆಯಲ್ಲಿ ಅದು ವಿಲೀನಗೊಂಡಿದೆ. ಆದರೆ ಆ ಹಳೆಯ ಕಾಯ್ದೆ ಅನ್ವಯಿಸುತ್ತಿದ್ದುದು ಐದು ಹೆಕ್ಟೇರ್ ಮತ್ತು ಹದಿನೈದು ಕಾರ್ಮಿಕರ ಮಿತಿ ಮುಟ್ಟಿದ ತೋಟಗಳಿಗೆ. ನನ್ನಂಥ ಸಣ್ಣ ಹಿಡುವಳಿದಾರರು ಅದರ ಹೊರಗೇ ಉಳಿದೆವು. ಕೊಡಗಿನ ಬೆಳೆಗಾರರಲ್ಲಿ ಬಹುಪಾಲು ಜನ ನನ್ನಂಥವರೇ. 2019ರ ಅಕ್ಟೋಬರ್ 2ರಂದು ದೇಶದ ಹಳ್ಳಿಗಳು ಬಯಲು ಶೌಚಮುಕ್ತವೆಂದು ಘೋಷಣೆಯಾಯಿತು. ಲೈನ್ ಮನೆಯಲ್ಲಿರುವ ಕಾರ್ಮಿಕನಿಗೆ ಸ್ವಂತ ಜಾಗವಿಲ್ಲ, ಹಕ್ಕುಪತ್ರವಿಲ್ಲ. ವಲಸೆ ಬಂದವನಾದರೆ ಊರಿನ ಪಟ್ಟಿಯಲ್ಲಿ ಹೆಸರೂ ಇಲ್ಲ. ಅವನ ಪಾಲಿನ ಶೌಚಾಲಯ ಯಾರ ಲೆಕ್ಕಕ್ಕೂ ಸೇರುವುದಿಲ್ಲ. ತೋಟದ ಗಾತ್ರ ಎಷ್ಟೇ ಇರಲಿ, ಆಳುಗಳನ್ನು ಇಟ್ಟುಕೊಂಡವನು ಬಳಸಲು ಯೋಗ್ಯವಾದ ಕಕ್ಕಸು ಕೊಡಬೇಕು. ಅದಕ್ಕೆ ಪಂಚಾಯಿತಿ ನೆರವಾಗಬೇಕು ಮತ್ತು ತನಿಖೆ ಮಾಡಬೇಕು. ಕೊಡಗಿನ ಮಳೆಯಲ್ಲಿ ಅಂತರ್ಜಲ ಮೇಲೇಳುವುದರಿಂದ ಬಯಲುಸೀಮೆಯ ಗುಂಡಿಯ ನಕ್ಷೆ ಇಲ್ಲಿ ಕೆಲಸಕ್ಕೆ ಬಾರದು. ಎತ್ತರಿಸಿದ ಕಟ್ಟೆಯ ಅವಳಿ ಗುಂಡಿಗಳು ಬೇಕು.

ಎರಡನೆಯದು ಔಷಧಿ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ 2015ರಲ್ಲಿ ಆರಂಭವಾಯಿತು. ಒಂದರಿಂದ ಹತ್ತೊಂಬತ್ತು ವಯಸ್ಸಿನವರಿಗೆ ಅಲ್ಬೆಂಡಜೋಲ್ ಮಾತ್ರೆ ಕೊಡುವ ಈ ಕಾರ್ಯಕ್ರಮ ಶ್ಲಾಘನೀಯ. ಆದರೆ ಇಪ್ಪತ್ತು ದಾಟಿದ ಕಾಫಿ ಕೊಯ್ಯುವ ಹೆಣ್ಣುಮಗಳು ಅದರ ಹೊರಗಿದ್ದಾಳೆ. ಅವಳ ಮನೆಬಾಗಿಲ ನಾಯಿಯೂ ಹೊರಗಿದೆ. ರೇಬೀಸ್ ಲಸಿಕೆ ಹಾಕಲು ಬರುವ ಪಶುವೈದ್ಯರ ಕೈಯಲ್ಲಿ ಹುಳುವಿನ ಮಾತ್ರೆಯೂ ಇದ್ದರೆ ಹೆಚ್ಚುವರಿ ಖರ್ಚು ಅಲ್ಪ. ಕಸಾಯಿ ಅಂಗಡಿಗಳ ತ್ಯಾಜ್ಯವನ್ನು ನಾಯಿಗೆ ಸಿಗದಂತೆ ಆಳವಾಗಿ ಹೂಳುವುದು ಇನ್ನೂ ಅಗ್ಗ.

ಮೂರನೆಯದು ತಿಳಿವಳಿಕೆ. ಪೊನ್ನಂಪೇಟೆಯಲ್ಲಿ 1995ರಿಂದ ಅರಣ್ಯ ಮಹಾವಿದ್ಯಾಲಯವಿದೆ. ದೊಡ್ಡ ಅಳುವಾರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ವನ್ಯಜೀವಿ ಸಂಶೋಧನಾ ಸಂಸ್ಥೆಯಿದೆ. ಬೆಂಗಳೂರಿನ ಯಲಹಂಕದಲ್ಲಿ ಪಶುರೋಗಗಳ ಜಾಡು ಹಿಡಿಯುವ ರಾಷ್ಟ್ರೀಯ ಸಂಸ್ಥೆಯಿದೆ. ಮನುಷ್ಯ, ಸಾಕುಪ್ರಾಣಿ, ಕಾಡುಪ್ರಾಣಿಗಳ ಆರೋಗ್ಯ ಒಂದೇ ಎಂಬ ತತ್ವದ ಮೇಲೆ ನಾಗಪುರದಲ್ಲಿ ರಾಷ್ಟ್ರೀಯ ಸಂಸ್ಥೆಯೊಂದಕ್ಕೆ 2022ರ ಡಿಸೆಂಬರಿನಲ್ಲಿ ಶಂಕುಸ್ಥಾಪನೆಯೂ ಆಯಿತು. ತತ್ವ ಸರಿಯಾಗಿದೆ. ಅದು ತೋಟದ ಕಣಕ್ಕೆ ಇಳಿಯಬೇಕು. ಅರಣ್ಯದ ವಿದ್ಯಾರ್ಥಿ ಕಾಡಿನ ಹಿಕ್ಕೆಯನ್ನು, ಪಶುವೈದ್ಯ ನಾಯಿಯದನ್ನು, ಪ್ರಾಥಮಿಕ ಆರೋಗ್ಯ ಕೇಂದ್ರ ಮನುಷ್ಯನದನ್ನು ಒಂದೇ ಊರಿನಲ್ಲಿ, ಒಂದೇ ಋತುವಿನಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು ಒಂದೇ ಮೇಜಿನ ಮೇಲೆ ಇಡಬೇಕು. ಬೇಕಾಗುವುದು ಸೂಕ್ಷ್ಮದರ್ಶಕ, ಗಾಜಿನ ಪಟ್ಟಿ, ಉಪ್ಪುನೀರು ಮತ್ತು ಮೂರು ಇಲಾಖೆಗಳ ನಡುವೆ ಒಂದಿಷ್ಟು ಮಾತುಕತೆ. ಕೊನೆಯದೇ ದುರ್ಲಭವೆಂದು ತೋರುತ್ತದೆ.

ಆ ಹುಡುಗಿ ಈಗ ಶಾಲೆಗೆ ಹೋಗುತ್ತಿದ್ದಾಳೆ. ಮೂರ್ಛೆಯ ಮಾತ್ರೆ ಇನ್ನೂ ನಿಂತಿಲ್ಲ; ಕಳೆದ ಒಂದು ವರ್ಷದಿಂದ ಮೂರ್ಛೆ ಬಂದಿಲ್ಲ. ಲೈನ್ ಮನೆಗಳ ಹಿಂದೆ ಎತ್ತರದ ಕಟ್ಟೆಯ ಮೇಲೆ ಎರಡು ಹೊಸ ಕಕ್ಕಸುಗಳಿವೆ. ಪೈಪಿನಲ್ಲಿ ನೀರು ಬರುತ್ತದೆ, ಬಾಗಿಲ ಬಳಿ ಸಾಬೂನು ಇದೆ. ಕಟ್ಟಿಸಲು ತಗಲಿದ ಹಣ ಒಂದು ಹಂಗಾಮಿನ ಗೊಬ್ಬರದ ಖರ್ಚಿಗಿಂತ ಕಡಿಮೆಯಾಯಿತು. ಅದನ್ನು ಹನ್ನೆರಡು ವರ್ಷ ಮೊದಲೇ ಸರಿಪಡಿಸಬಹುದಿತ್ತು ಎಂಬ ಲೆಕ್ಕ ನನ್ನನ್ನು ಬಿಟ್ಟಿಲ್ಲ. ಮೊನ್ನೆ ಮಳೆ ನಿಂತ ಬೆಳಿಗ್ಗೆ ಆ ಕಟ್ಟೆಯ ಸುತ್ತ ಹಂದಿಯ ಹೆಜ್ಜೆಗಳನ್ನು ಕಂಡೆ. ಅವು ರಾತ್ರಿ ಎಂದಿನಂತೆ ಬಂದಿದ್ದವು. ನೆಲ ಅಗೆದು, ಎರೆಹುಳು ಗೆಡ್ಡೆಗಳನ್ನು ತಿಂದು ಹೋಗಿದ್ದವು. ನಮ್ಮಿಂದ ಅವುಗಳಿಗೆ ಸಿಗುತ್ತಿದ್ದ ಹುಳು ಮಾತ್ರ ಈಗ ಅಲ್ಲಿಲ್ಲ.